ಲೂಪ್ ಒಂದು ಹೇಳುತ್ತದೆ, ಜಿಪಿಎಸ್ ಇನ್ನೊಂದು ಹೇಳುತ್ತದೆ. ರಸ್ತೆಯಲ್ಲಿ ಅಪಘಾತ ಆಗಿದೆ ಅಂತ ಯಾರ ಮಾತು ನಂಬುವುದು?

ಮೂರನೇಗೇರ್
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

20 ಕಿ.ಮೀ. ಉದ್ದದ ಒಂದು ಹೆದ್ದಾರಿಯ ಆರು ತಿಂಗಳ ಡೇಟಾ ನನ್ನ ಹತ್ತಿರ ಇದೆ. 500 ಮೀಟರಿಗೊಂದರಂತೆ 40 ಲೂಪ್ ಡಿಟೆಕ್ಟರ್ (ರಸ್ತೆಯೊಳಗೆ ಹೂತಿಟ್ಟು ವಾಹನ ಎಣಿಸುವ ಸಾಧನ). ಪ್ರತಿಯೊಂದೂ 30 ಸೆಕೆಂಡಿಗೊಮ್ಮೆ ಎಷ್ಟು ವಾಹನ ಹೋದವು, ಅಷ್ಟು ಹೊತ್ತಿನಲ್ಲಿ ಶೇಕಡಾ ಎಷ್ಟು ಸಮಯ ಲೂಪಿನ ಮೇಲೆ ವಾಹನ ಇತ್ತು (ಆಕ್ಯುಪೆನ್ಸಿ) ಅಂತ ಹೇಳುತ್ತದೆ. ಓಡುತ್ತಿರುವ ವಾಹನಗಳ ಜಿಪಿಎಸ್ ವೇಗ ಬೇರೆ ಕಡೆಯಿಂದ ಬರುತ್ತದೆ. ಕೆಲವು ಕಡೆ ಕ್ಯಾಮೆರಾ ಇದೆ, ಅದು 'ವಾಹನ ನಿಂತಿದೆ' ಅಂತ ಅಲಾರಂ ಕೊಡುತ್ತದೆ.

ನಾನು ಮಾಡಿದ್ದು ಇಷ್ಟೇ. ಅಪಘಾತದ ಅನುಮಾನ ಎಷ್ಟು ಅಂತ ಮೂರಕ್ಕೂ 0ಯಿಂದ 100ರವರೆಗೆ ಒಂದು ಅಂಕ. ಲೂಪಿಗೆ ಅರ್ಧ ತೂಕ, ಉಳಿದೆರಡಕ್ಕೆ ಕಾಲು ಕಾಲು. ಸರಾಸರಿ 70 ದಾಟಿದರೆ ಅಲಾರಂ. ಪುಸ್ತಕದ ಲೆಕ್ಕಕ್ಕೆ ಚೆನ್ನಾಗಿಯೇ ಕಾಣುತ್ತದೆ. ಆದರೆ ನಿಜವಾದ ಅಪಘಾತ ಎಷ್ಟೋ ತಪ್ಪಿ ಹೋಗಿವೆ. ಭಾನುವಾರ ಬೆಳಗ್ಗೆ ರಸ್ತೆ ಖಾಲಿ ಹೊಡೆಯುತ್ತಿರುವಾಗ ಮಾತ್ರ 14ನೇ ಲೂಪಿನ ಹತ್ತಿರ ತಪ್ಪದೆ ಅಲಾರಂ ಬರುತ್ತದೆ. ತೂಕ ಬದಲಾಯಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ. ಎಲ್ಲಿ ಎಡವುತ್ತಿದ್ದೇನೆ?

ಅಡ್ಡರಸ್ತೆ
ಸರಾಸರಿನಾ? ಗೋಡೆ ಮೇಲೆ ಎರಡು ಗಡಿಯಾರ ಇದ್ದು ಒಂದು 6 ಗಂಟೆ, ಇನ್ನೊಂದು 12 ಗಂಟೆ ತೋರಿಸಿದರೆ ನೀವು 9 ಗಂಟೆ ಅಂತ ಊಟ ಮುಗಿಸಿ ಮಲಗುತ್ತೀರಾ?

ರಾತ್ರಿಪಾಳಿ
ಕಂಟ್ರೋಲ್ ರೂಮಿನಲ್ಲಿ ಕೂತವನ ಕಡೆಯಿಂದ ಒಂದು ಮಾತು. ಸೂತ್ರಕ್ಕೆ ಕೈ ಹಾಕುವ ಮೊದಲು ಸುಳ್ಳು ಅಲಾರಂ ಎಣಿಸಿ. 30 ಸೆಕೆಂಡಿಗೊಮ್ಮೆ ಅಂದರೆ ಒಂದು ಲೂಪಿಗೆ ದಿನಕ್ಕೆ 2,880 ಸಲ ಪರೀಕ್ಷೆ. 40 ಲೂಪಿಗೆ 1,15,200. ಸಾವಿರಕ್ಕೆ ಒಂದೇ ಒಂದು ಸಲ ತಪ್ಪು ಹೇಳಿದರೂ ದಿನಕ್ಕೆ 115 ಸುಳ್ಳು ಅಲಾರಂ. ಶೇ. 99.9 ಸರಿ ಅಂತ ವರದಿಯಲ್ಲಿ ಬರೆದುಕೊಳ್ಳಬಹುದು. ಆದರೆ 12 ನಿಮಿಷಕ್ಕೊಮ್ಮೆ ಸುಮ್ನೆ ಕಿರುಚುವ ಯಂತ್ರವನ್ನು ಯಾರು ಸಹಿಸುತ್ತಾರೆ? ನಾನು ಮೊದಲು ಕೆಲಸ ಮಾಡಿದ ಕಡೆ ಮೂರನೇ ವಾರಕ್ಕೆ ಅದರ ಸ್ಪೀಕರ್ ತಂತಿ ಕಿತ್ತಿಟ್ಟಿದ್ದರು. ಯಾರು ಕಿತ್ತರು ಅಂತ ಇವತ್ತಿಗೂ ಗೊತ್ತಿಲ್ಲ. (ನಾನಲ್ಲ.)

ಸಂಖ್ಯಾಪ್ರಿಯ
ರಾತ್ರಿಪಾಳಿ ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಯಾವುದೋ ಒಂದು ಹೊತ್ತಿನಲ್ಲಿ, ಒಂದು ಜಾಗದಲ್ಲಿ ಅಪಘಾತ ಇರುವ ಸಾಧ್ಯತೆ 1000ಕ್ಕೆ 1 ಅಂತ ಇಟ್ಟುಕೊಳ್ಳಿ. ಲೂಪ್ ಅಲಾರಂ ಬರುವುದು ಮಾಮೂಲಿ ಹೊತ್ತಿಗಿಂತ ಅಪಘಾತ ಇದ್ದಾಗ 20 ಪಟ್ಟು ಜಾಸ್ತಿ ಅಂತಲೂ ಇಟ್ಟುಕೊಳ್ಳಿ. ಅಲಾರಂ ಬಂದ ಮೇಲೆ ಸಾಧ್ಯತೆ ಎಷ್ಟಾಯಿತು? ಸುಮಾರು 50ಕ್ಕೆ 1. ಇನ್ನೂ ಏನೂ ಅಲ್ಲ. ಈಗ ಕ್ಯಾಮೆರಾವೂ ಕೂಗಿತು, ಅದರದ್ದು 50 ಪಟ್ಟು. ಈಗ ಸಮ ಸಮ, ಅಂದರೆ ಶೇ. 50. ಎರಡು ಒಳ್ಳೆಯ ಸಾಕ್ಷಿ ಒಟ್ಟಿಗೆ ಹೇಳಿದರೂ ಅರ್ಧಕ್ಕರ್ಧ ಅಷ್ಟೇ.

ಗಮನಿಸಿ, ಇಲ್ಲಿ ನಾನು ಗುಣಿಸಿದೆ. ನೀವು ಸರಾಸರಿ ತೆಗೆದಿರಿ. ಎರಡು ಸಾಕ್ಷಿ ಒಂದೇ ಮಾತು ಹೇಳಿದಾಗ ನಂಬಿಕೆ ಒಂದೊಂದಕ್ಕಿಂತ ಜಾಸ್ತಿ ಆಗಬೇಕು. ಸರಾಸರಿಯಲ್ಲಿ ಅದು ಯಾವತ್ತೂ ಆಗುವುದಿಲ್ಲ.

ಹೊಸಬಳು_2
ಮಧ್ಯೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ಲೂಪ್ ಅಂದರೆ ರಸ್ತೆಯೊಳಗೆ ಹೂತಿಟ್ಟ ತೂಕದ ಯಂತ್ರ ತಾನೇ? ಸಿಗ್ನಲ್ಲಿನಲ್ಲಿ ನನ್ನ ಸೈಕಲ್ಲಿಗೆ ಹಸಿರು ಬರುವುದೇ ಇಲ್ಲ, ನಾನು ಹಗುರ ಇರುವುದಕ್ಕೆ ಅಂದುಕೊಂಡಿದ್ದೆ.

ಲೂಪ್‌ಮಾಮ
ತೂಕ ಅಲ್ಲ ತಾಯಿ, ಲೋಹ. ಟಾರು ಕೊರೆದು ಒಳಗೆ ತಂತಿಯ ಸುರುಳಿ ಇಟ್ಟಿರುತ್ತಾರೆ, ಅದರಲ್ಲಿ ವಿದ್ಯುತ್ ಹರಿಯುತ್ತಾ ಇರುತ್ತದೆ. ಮೇಲೆ ಲೋಹ ಬಂದರೆ ಆ ಲೋಹದಲ್ಲಿ ಸುಳಿ ಪ್ರವಾಹ ಹುಟ್ಟಿ ಸುರುಳಿಯ ಇಂಡಕ್ಟೆನ್ಸ್ (ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ) ಕಡಿಮೆ ಆಗುತ್ತದೆ. ರಸ್ತೆ ಬದಿಯ ಪೆಟ್ಟಿಗೆಗೆ ಗೊತ್ತಾಗುವುದು ಅದೊಂದೇ. ಸೈಕಲ್ಲನ್ನು ಲೂಪಿನ ನಡುವೆ ನಿಲ್ಲಿಸಬೇಡಿ, ಟಾರು ಕೊರೆದ ಗೆರೆ ಕಾಣುತ್ತದಲ್ಲ, ಅದರ ಮೇಲೆ ಚಕ್ರ ಬರುವ ಹಾಗೆ ನಿಲ್ಲಿಸಿ. ಶೂಗೆ ಅಯಸ್ಕಾಂತ ಅಂಟಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ ನಗಿ.

ಈಗ ಮೂರನೇಗೇರ್ ಅವರಿಗೆ. ನಿಮ್ಮ ಲೂಪ್ ಅಂಕ ಹೇಗೆ ಬರುತ್ತದೆ? ನನ್ನ ಊಹೆ: ಹಿಂದಿನ ಲೂಪಿನಲ್ಲಿ ಆಕ್ಯುಪೆನ್ಸಿ ಜಾಸ್ತಿ, ಮುಂದಿನದರಲ್ಲಿ ಕಡಿಮೆ, ಆ ವ್ಯತ್ಯಾಸದ ಶೇಕಡಾವಾರು. ಹೌದಾ? ಇದು ಲೂಪಿನಿಂದ ಅಪಘಾತ ಪತ್ತೆ ಹಚ್ಚುವ 1970ರ ದಶಕದ ಕ್ಯಾಲಿಫೋರ್ನಿಯಾ ವಿಧಾನದ ಮೂರರಲ್ಲಿ ಒಂದು ಭಾಗ ಮಾತ್ರ. ಪೇನ್ ಮತ್ತು ಟಿಗ್ನರ್ ಬರೆದದ್ದರಲ್ಲಿ ಮೂರು ಬಾಗಿಲು, ಅಂದರೆ ಮೂರು ಪರೀಕ್ಷೆ ಇವೆ. ಒಂದು, ಹಿಂದಿನ ಮತ್ತು ಮುಂದಿನ ಲೂಪಿನ ನೇರ ವ್ಯತ್ಯಾಸ. ಎರಡು, ಅದೇ ವ್ಯತ್ಯಾಸ ಹಿಂದಿನದರ ಲೆಕ್ಕದಲ್ಲಿ ಎಷ್ಟು ಪಾಲು. ಮೂರು, ಮುಂದಿನ ಲೂಪಿನಲ್ಲಿ ಒಂದೆರಡು ನಿಮಿಷದ ಹಿಂದೆ ಇದ್ದದ್ದಕ್ಕಿಂತ ಈಗ ಇಳಿದಿದೆಯೇ. ಮೂರೂ ದಾಟಿದರೆ ಮಾತ್ರ ಅಲಾರಂ.

ಆ ಮೂರನೇ ಬಾಗಿಲು ಯಾಕೆ ಬೇಕು ಗೊತ್ತಾ? ಮುಂದಿನ ಲೂಪ್ ಸತ್ತು ಹೋಗಿ ಸದಾ 0 ಕೊಡುತ್ತಿದ್ದರೆ, ಎರಡನೇ ಲೆಕ್ಕದ ಪ್ರಕಾರ ಅದು ಪಕ್ಕಾ ಅಪಘಾತ. ಹಿಂದೆ ವಾಹನ ಇವೆ, ಮುಂದೆ ಒಂದೂ ಇಲ್ಲ! ಆದರೆ ಸತ್ತ ಲೂಪಿನಲ್ಲಿ 'ಇಳಿಕೆ' ಇರುವುದಿಲ್ಲ, ಮೊದಲಿನಿಂದಲೂ 0. 14ನೇದರ ಮುಂದಿನ 15ನೇ ಲೂಪಿನ ಕಚ್ಚಾ ಅಂಕಿ ತೆಗೆದು ನೋಡಿ. ಇನ್ನೊಂದು ಪ್ರಶ್ನೆ. ಜಿಪಿಎಸ್ ಡೇಟಾ ಬಾರದೆ ಇದ್ದಾಗ ಆ ಕಾಲಂನಲ್ಲಿ ಏನು ಹಾಕುತ್ತೀರಿ?

ಮೂರನೇಗೇರ್
...50 ಹಾಕುತ್ತೇನೆ. ಆ ಕಡೆಗೂ ಬೇಡ, ಈ ಕಡೆಗೂ ಬೇಡ ಅಂತ. ಕ್ಯಾಮೆರಾ ಇಲ್ಲದ ಕಡೆಯೂ 50.

ಅಡ್ಡರಸ್ತೆ
ಲೂಪ್ 100ರ ಅರ್ಧ 50. ಜಿಪಿಎಸ್ 50ರ ಕಾಲು 12.5, ಕ್ಯಾಮೆರಾ 12.5. ಒಟ್ಟು 75. ಅಲಾರಂ! ಒಬ್ಬ ಸತ್ತವನು, ಇಬ್ಬರು ಊರಲ್ಲೇ ಇಲ್ಲದವರು. ಮೂವರೂ ಸೇರಿ ಸಾಕ್ಷಿ ಹೇಳಿದ್ದಾರೆ.

ಮೂರನೇಗೇರ್
ಅಯ್ಯೋ.

ನ್ಯೂರಲ್_ನಾಗ
ಇಷ್ಟೆಲ್ಲ ಯಾಕೆ ಒದ್ದಾಟ? 2025 ದಾಟಿದ್ದೇವೆ, ಇನ್ನೂ 1970ರ ಬಾಗಿಲು ಕಿಟಕಿ ಎಣಿಸುತ್ತಾ ಕೂತಿದ್ದೀರಿ. ಎಲ್ಲ ಕಾಲಂಗಳನ್ನೂ ಒಂದು ನ್ಯೂರಲ್ ನೆಟ್‌ವರ್ಕಿಗೆ ಸುರಿಯಿರಿ. ಸತ್ತ ಲೂಪ್ ಯಾವುದು, ಬದುಕಿದ್ದು ಯಾವುದು ಅಂತ ಅದೇ ಕಲಿಯುತ್ತದೆ.

ಲೂಪ್‌ಮಾಮ
ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಯಾವುದನ್ನು ತೋರಿಸಿ ಕಲಿಸುತ್ತೀರಿ ನಾಗಣ್ಣ? ಅಪಘಾತದ ದಾಖಲೆ ಪುಸ್ತಕದಲ್ಲಿ 10:20 ಅಂತ ಇರುತ್ತದೆ. ಅದು ಅಪಘಾತ ಆದ ಹೊತ್ತಲ್ಲ, ಯಾರೋ ಫೋನ್ ಮಾಡಿ, ಆಪರೇಟರ್ ಚಹಾ ಲೋಟ ಕೆಳಗಿಟ್ಟು ಟೈಪ್ ಮಾಡಿದ ಹೊತ್ತು. ಅದನ್ನೇ ಸತ್ಯ ಅಂತ ಕಲಿಸಿದರೆ ನಿಮ್ಮ ನೆಟ್‌ವರ್ಕ್ ಕಲಿಯುವುದು ಅಪಘಾತವನ್ನಲ್ಲ, ಆಪರೇಟರ್ ಎಷ್ಟು ತಡ ಮಾಡುತ್ತಾನೆ ಅನ್ನುವುದನ್ನು.

ರಾತ್ರಿಪಾಳಿ
ಚಹಾ ಲೋಟದ ಮಾತು ಬೇಡಿತ್ತು. ಆದರೆ ನಿಜ. ಗಲಾಟೆ ಜಾಸ್ತಿ ಇದ್ದ ದಿನ ಎಲ್ಲ ಮುಗಿದ ಮೇಲೆ ನೆನಪಿನಿಂದ ಬರೆಯುತ್ತೇವೆ. ಹಾಗೆ ಬರೆದವು 5, 10, 15 ಅಂತ ದುಂಡಗಿನ ನಿಮಿಷಗಳೇ ಆಗಿರುತ್ತವೆ.

ನ್ಯೂರಲ್_ನಾಗ
ದಾಖಲೆಯ ಸಮಯ ಸರಿ ಇಲ್ಲ ಅನ್ನುವುದನ್ನು ಒಪ್ಪಿದೆ. ಆದರೆ ಅದೇ ದಾಖಲೆ ನೋಡಿಕೊಂಡೇ ನೀವೂ ನಿಮ್ಮ ಮೂರು ಬಾಗಿಲಿನ ಮಿತಿ ಹೊಂದಿಸುವುದು, ಅಲ್ವಾ? ಆ ದೋಷ ನನ್ನ ಒಬ್ಬನದ್ದೇ ಅಲ್ಲ.

ಲೂಪ್‌ಮಾಮ
ಅದು ಸರಿ. ಮಿತಿ ಮೂರೇ ಇರುವುದರಿಂದ ಎಲ್ಲಿ ತಪ್ಪಿತು ಅಂತ ಕೂತು ಹುಡುಕಬಹುದು, ಅಷ್ಟೇ ನನ್ನ ಸಮಾಧಾನ.

ಹಸಿರುದೀಪ
ಮೂಲ ಪ್ರಶ್ನೆಗೆ ಬರೋಣ. 'ಗೊತ್ತಿಲ್ಲ' ಅನ್ನುವುದಕ್ಕೇ ಒಂದು ಜಾಗ ಕೊಡುವ ಲೆಕ್ಕ ಬೇಕಿದ್ದರೆ ಡೆಂಪ್‌ಸ್ಟರ್–ಶೇಫರ್ ವಿಧಾನ ನೋಡಿ. ಡೆಂಪ್‌ಸ್ಟರ್ 1967ರಲ್ಲಿ ಶುರು ಮಾಡಿದ್ದು, ಶೇಫರ್ 1976ರಲ್ಲಿ ಬೆಳೆಸಿದ್ದು. ಡೇಟಾ ಬಾರದ ಜಿಪಿಎಸ್ '50' ಅನ್ನುವುದಿಲ್ಲ, ತನ್ನ ಪೂರ್ತಿ ತೂಕವನ್ನು 'ಗೊತ್ತಿಲ್ಲ' ಮೇಲೆ ಇಟ್ಟು ಸುಮ್ಮನಿರುತ್ತದೆ. ಉಳಿದವರ ಮಾತಿಗೆ ಅಡ್ಡ ಬರುವುದಿಲ್ಲ.

ಸಂಖ್ಯಾಪ್ರಿಯ
ಅದರಲ್ಲೂ ಒಂದು ಗುಂಡಿ ಇದೆ, ಝಾದೆ 1979ರಲ್ಲೇ ತೋರಿಸಿದ್ದು. ಅವರ ಉದಾಹರಣೆ ವೈದ್ಯರದ್ದು, ನಾನು ರಸ್ತೆಗೆ ಇಳಿಸುತ್ತೇನೆ. ಕ್ಯಾಮೆರಾ: ಅಪಘಾತ 0.99, ರಸ್ತೆ ಕಾಮಗಾರಿ 0.01. ಲೂಪ್: ಮಾಮೂಲಿ ದಟ್ಟಣೆ 0.99, ರಸ್ತೆ ಕಾಮಗಾರಿ 0.01. ಇಬ್ಬರೂ ಒಪ್ಪುವುದು ಕಾಮಗಾರಿ ಒಂದರಲ್ಲೇ. ಸೂತ್ರ ಜಗಳವನ್ನೆಲ್ಲ ಕಿತ್ತು ಹಾಕಿ ಉಳಿದದ್ದನ್ನು 100ಕ್ಕೆ ಹಿಗ್ಗಿಸುತ್ತದೆ. ಉತ್ತರ: ಶೇ. 100 ರಸ್ತೆ ಕಾಮಗಾರಿ! ಇಬ್ಬರಿಗೂ ನಂಬಿಕೆಯೇ ಇಲ್ಲದ ಮಾತು ತೀರ್ಪಾಗಿ ಬಂತು.

ಹಸಿರುದೀಪ
ಗೊತ್ತು ಗುರೂ, ಅದಕ್ಕೇ ರಿಯಾಯಿತಿ ಕೊಡುವುದು. ಯಾವ ಸೆನ್ಸರನ್ನೂ ಪೂರ್ತಿ ನಂಬಬೇಡಿ, ಪ್ರತಿಯೊಂದರಲ್ಲೂ ಶೇ. 10 ಕತ್ತರಿಸಿ 'ಗೊತ್ತಿಲ್ಲ' ಡಬ್ಬಿಗೆ ಹಾಕಿ. ನಿಮ್ಮದೇ ಅಂಕಿ ಇಟ್ಟು ಲೆಕ್ಕ ಮಾಡಿದೆ. ಅಪಘಾತ ಶೇ. 47, ದಟ್ಟಣೆ ಶೇ. 47, ಕಾಮಗಾರಿ ಶೇ. 1, ಗೊತ್ತಿಲ್ಲ ಶೇ. 5. ಈಗ ಯಂತ್ರ ಹೇಳುತ್ತಿರುವುದು 'ಇಬ್ಬರೂ ಜಗಳ ಆಡುತ್ತಿದ್ದಾರೆ, ಒಬ್ಬ ಮನುಷ್ಯ ಕ್ಯಾಮೆರಾ ತಿರುಗಿಸಿ ನೋಡಲಿ' ಅಂತ. ನನಗೆ ಬೇಕಾದ ಉತ್ತರ ಅದೇ.

ಸಂಖ್ಯಾಪ್ರಿಯ
ಆ ಶೇ. 10 ಎಲ್ಲಿಂದ ಬಂತು?

ಹಸಿರುದೀಪ
ಹಳೆಯ ದಾಖಲೆಯಿಂದ. ಪ್ರತಿ ಸೆನ್ಸರ್ ಎಷ್ಟು ಸಲ ಸುಳ್ಳು ಹೇಳಿದೆ ಅಂತ ಎಣಿಸಬೇಕು. ಮಳೆ ದಿನಕ್ಕೆ ಬೇರೆ, ಬಿಸಿಲು ದಿನಕ್ಕೆ ಬೇರೆ. ಸಂಜೆ ಸೂರ್ಯ ನೇರ ಲೆನ್ಸಿಗೆ ಬಿದ್ದಾಗ ಕ್ಯಾಮೆರಾಕ್ಕೆ ಅರ್ಧಕ್ಕಿಂತ ಜಾಸ್ತಿ ಕತ್ತರಿಸಬೇಕಾದೀತು.

ಬೈಪಾಸ್
ಇನ್ನೊಂದು ಮೋಸ ಇದೆ, ಯಾರೂ ಹೇಳಲಿಲ್ಲ. ಗುಣಿಸುವ ಮೊದಲು ಸಾಕ್ಷಿಗಳು ಬೇರೆ ಬೇರೆಯವರೇ ಅಂತ ನೋಡಿಕೊಳ್ಳಿ. ಒಂದು ಕಡೆಯಿಂದ ಜಿಪಿಎಸ್ ವೇಗ ತೆಗೆದುಕೊಳ್ಳುತ್ತೀರಿ, ಇನ್ನೊಂದು ಕಡೆಯಿಂದ 'ಪ್ರಯಾಣದ ಸಮಯ' ತೆಗೆದುಕೊಳ್ಳುತ್ತೀರಿ. ಎರಡೂ ಅದೇ ಜನರ ಅದೇ ಫೋನಿನಿಂದ ಬಂದಿದ್ದರೆ? ಒಬ್ಬನೇ ಮನುಷ್ಯ ಟೋಪಿ ಬದಲಾಯಿಸಿಕೊಂಡು ಎರಡು ಸಲ ಸಾಕ್ಷಿ ಹೇಳಿದ ಹಾಗೆ.

2020ರಲ್ಲಿ ಬರ್ಲಿನ್‌ನಲ್ಲಿ ಸೈಮನ್ ವೆಕರ್ಟ್ ಅನ್ನುವ ಕಲಾವಿದ 99 ಫೋನ್‌ಗಳನ್ನು ಒಂದು ಕೈಗಾಡಿಯಲ್ಲಿ ತುಂಬಿಕೊಂಡು ರಸ್ತೆಯಲ್ಲಿ ನಿಧಾನಕ್ಕೆ ಎಳೆದುಕೊಂಡು ಹೋದ ಸುದ್ದಿ ನೆನಪಿದೆಯಾ? ಗೂಗಲ್ ಮ್ಯಾಪ್ಸ್‌ನಲ್ಲಿ ಖಾಲಿ ರಸ್ತೆ ಕೆಂಪಗಾಯಿತು. ರಸ್ತೆಯಲ್ಲಿ ಒಂದು ಲೂಪ್ ಇದ್ದು ಅದನ್ನೂ ಕೇಳಿದ್ದರೆ 'ಏನಪ್ಪ, ಇಲ್ಲಿ ವಾಹನವೇ ಇಲ್ಲವಲ್ಲ' ಅನ್ನುತ್ತಿತ್ತು. ಬೇರೆ ಬೇರೆ ಜಾತಿಯ ಸೆನ್ಸರ್ ಬೇಕಾಗುವುದು ಇದಕ್ಕೇ.

ಹೊಸಬಳು_2
ನಂದೊಂದು ದಡ್ಡ ಪ್ರಶ್ನೆ. ಜಾಮ್ ಆಗಿದೆ ಅಂದ ಮೇಲೆ ಮುಂದೆ ಏನೋ ಆಗಿದೆ ಅಂತ ತಾನೇ ಅರ್ಥ?

ಬೈಪಾಸ್
ದಡ್ಡ ಪ್ರಶ್ನೆ ಅಲ್ಲ. ಏನೂ ಆಗದೆಯೂ ಜಾಮ್ ಆಗುತ್ತದೆ. ಜಪಾನಿನ ಸುಗಿಯಾಮ ಮತ್ತು ಜೊತೆಯವರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರು ಓಡಿಸಿ 2008ರಲ್ಲಿ ಪ್ರಕಟಿಸಿದ್ದಾರೆ. ಅಡ್ಡ ಯಾರೂ ಬರಲಿಲ್ಲ, ಸಿಗ್ನಲ್ ಇಲ್ಲ. ಒಬ್ಬರು ಚೂರು ಬ್ರೇಕ್ ಒತ್ತಿದ್ದು ಹಿಂದಿನವರಿಗೆ ದೊಡ್ಡದಾಗಿ ಕಡೆಗೆ ಕಾರುಗಳು ನಿಂತೇ ಹೋದವು. ಆ ಗಂಟು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಸರಿಯುತ್ತದೆ. ಅದೇ ಗುರುತು ನೋಡಿ. ಇಂಥ ಜಾಮಿನ ತಲೆ ಹಿಂದಕ್ಕೆ ನಡೆಯುತ್ತದೆ, ಅಪಘಾತದ ಜಾಮಿನ ತಲೆ ಒಂದೇ ಜಾಗದಲ್ಲಿ ಕೂತಿರುತ್ತದೆ.

ಅಡ್ಡರಸ್ತೆ
ನನ್ನ ಮುಂದಿರುವವರೆಲ್ಲ ಆ 'ಒಬ್ಬರು ಚೂರು ಬ್ರೇಕ್ ಒತ್ತಿದವರು' ಅಂತ ನನಗೆ ಮೊದಲಿಂದಲೂ ಅನುಮಾನ.

ಅಲೆಗಾರ
'ಎಲ್ಲಿ' ಅನ್ನುವ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ. ನನಗೆ ಇದೇ ಇಷ್ಟದ ಭಾಗ, ಸ್ವಲ್ಪ ಉದ್ದ ಆಗುತ್ತದೆ.

ಎರಡು ಲೂಪಿನ ನಡುವೆ ಲಾರಿ ಅಡ್ಡ ನಿಂತಿತು ಅಂದುಕೊಳ್ಳಿ. ಎರಡು ಸುದ್ದಿ ಹೊರಡುತ್ತವೆ. 'ವಾಹನ ಬರುವುದು ನಿಂತಿತು' ಅನ್ನುವ ಸುದ್ದಿ ಮುಂದಕ್ಕೆ ವಾಹನದ ವೇಗದಲ್ಲಿ ಹೋಗುತ್ತದೆ, ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. ಸಾಲಿನ ಬಾಲ ಹಿಂದಕ್ಕೆ ಬೆಳೆಯುತ್ತದೆ, ಗಂಟೆಗೆ 15 ಕಿ.ಮೀ. ಅಂತ ಇಡೋಣ, ಸೆಕೆಂಡಿಗೆ ಸುಮಾರು 4.2 ಮೀಟರ್. ದಟ್ಟಣೆ ಅಲೆಯ ಹಾಗೆ ಚಲಿಸುತ್ತದೆ ಅನ್ನುವ 1955ರ ಲೈಟ್‌ಹಿಲ್–ವಿಥಮ್ ಮತ್ತು 1956ರ ರಿಚರ್ಡ್ಸ್ ಸಿದ್ಧಾಂತದ ಬಡ ರೂಪ ಇದು.

ಮುಂದಿನ ಲೂಪ್ ಖಾಲಿಯಾದ 64 ಸೆಕೆಂಡಿನ ನಂತರ ಹಿಂದಿನ ಲೂಪ್ ತುಂಬಿತು. ಹಾಗಾದರೆ ಲಾರಿ ಹಿಂದಿನ ಲೂಪಿನಿಂದ 300 ಮೀಟರ್ ಮುಂದೆ ಇದೆ. ತಾಳೆ ನೋಡಿ: ಬಾಲ 300 ಮೀಟರ್ ಹಿಂದಕ್ಕೆ ಬರಲು 72 ಸೆಕೆಂಡ್, ಖಾಲಿತನ ಉಳಿದ 200 ಮೀಟರ್ ಮುಂದಕ್ಕೆ ಹೋಗಲು 8 ಸೆಕೆಂಡ್. ವ್ಯತ್ಯಾಸ 64.

ಲೂಪ್‌ಮಾಮ
ಲೆಕ್ಕ ಚೆಂದ. ಆದರೆ ಆ 15 ಎಲ್ಲಿಂದ ತಂದಿರಿ? ಮೂರು ಲೇನಿನಲ್ಲಿ ಒಂದು ಮಾತ್ರ ಮುಚ್ಚಿದ್ದರೆ, ಹಿಂದೆ ವಾಹನ ಕಡಿಮೆ ಇದ್ದರೆ ಬಾಲ ನಿಧಾನಕ್ಕೆ ಬೆಳೆಯುತ್ತದೆ. 8 ಕಿ.ಮೀ. ಅಂತ ಇಟ್ಟರೆ ಅದೇ 64 ಸೆಕೆಂಡಿಗೆ ಉತ್ತರ 171 ಮೀಟರ್. ಸುಮಾರು 130 ಮೀಟರ್ ಆಚೀಚೆ! ಅದೂ ಅಲ್ಲದೆ ನಿಮ್ಮ ಡೇಟಾ 30 ಸೆಕೆಂಡಿನದು, 64 ಅನ್ನುವ ಅಂಕಿ ನಿಮಗೆ ಸಿಗುವುದೇ ಇಲ್ಲ. ಒಂದು ಸುತ್ತು ತಪ್ಪಿದರೆ ಇನ್ನೂ 107 ಮೀಟರ್ ಹೋಯಿತು.

ಅಲೆಗಾರ
ಒಪ್ಪಿದೆ. ಬಾಲದ ವೇಗವನ್ನು ಊಹಿಸಬಾರದು, ಅಳೆಯಬೇಕು. ಇನ್ನೂ ಹಿಂದಿನ ಮೂರನೇ ಲೂಪ್ ತುಂಬುವವರೆಗೆ ಕಾಯಿರಿ. ಬಾಲ ಆ 500 ಮೀಟರ್ ದಾಟಲು 120 ಸೆಕೆಂಡ್ ತೆಗೆದುಕೊಂಡರೆ 15 ಕಿ.ಮೀ., 225 ಸೆಕೆಂಡ್ ಆದರೆ 8 ಕಿ.ಮೀ. ಮೊದಲು ಸುಮಾರಾಗಿ ಹೇಳಿ, ಆಮೇಲೆ ತಿದ್ದಿ.

ಬೈಪಾಸ್
ಜಿಪಿಎಸ್ ಕೈಯಲ್ಲಿರುವಾಗ ಈ ಅಲೆ ಯಾಕೆ? ಓಡುವ ವಾಹನ 30 ಸೆಕೆಂಡಿಗೊಮ್ಮೆ ಜಾಗ ಹೇಳಿದರೆ ನಡುವೆ 750 ಮೀಟರ್ ದಾಟಿರುತ್ತದೆ, ನಿಜ. ಆದರೆ ನಿಂತ ವಾಹನ ನಿಂತಲ್ಲಿಂದಲೇ ಮತ್ತೆ ಮತ್ತೆ ಹೇಳುತ್ತದೆ. ನಿಂತವರ ಸಾಲಿನ ಮುಂದಿನ ತುದಿ ಹುಡುಕಿ, ಲಾರಿ ಅಲ್ಲೇ. ಗುಂಪು ಇದೆಯಾ ಅಂತ ಲೂಪಿಗೆ ಕೇಳಿ, ತುದಿ ಎಲ್ಲಿದೆ ಅಂತ ಜಿಪಿಎಸ್‌ಗೆ ಕೇಳಿ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಕೂಡಿಸುವುದು ಯಾಕೆ?

ಅಲೆಗಾರ
ಸಾಲಿನ ತುದಿಯಲ್ಲಿ ಫೋನ್ ಇರುವ ವಾಹನ ಇದ್ದರೆ. ಹತ್ತರಲ್ಲಿ ಒಂದು ವಾಹನದ್ದು ಮಾತ್ರ ಸಿಗುತ್ತಿದ್ದರೆ ತುದಿ ಇನ್ನೂ ಮುಂದೆ ಇರಬಹುದು. ಆದರೂ ಪ್ರಶ್ನೆ ಹಂಚುವ ಉಪಾಯ ಹಿಡಿಸಿತು.

ರಾತ್ರಿಪಾಳಿ
ಇಷ್ಟು ಹೊತ್ತು ಸಾಲು ಸಾಲು ಅಂತ ಮಾತಾಡಿದಿರಿ. ಸಾಲೇ ಆಗದ ಅಪಘಾತ? ಒಂದು ರಾತ್ರಿ ಮೂರು ಗಂಟೆ ಹೊತ್ತಿಗೆ ಲೈಟಿಲ್ಲದ ಲಾರಿ ಎರಡನೇ ಲೇನಿನಲ್ಲಿ ಕೆಟ್ಟು ನಿಂತಿತ್ತು. ಬರುವ ಅಷ್ಟೋ ಇಷ್ಟೋ ವಾಹನ ಪಕ್ಕದ ಲೇನಿನಲ್ಲಿ ಹೋಗುತ್ತಿದ್ದವು. ಲೂಪ್ ಎಲ್ಲವೂ ಹಸಿರು. ಪರದೆ ಅಷ್ಟು ಶಾಂತವಾಗಿ ಇದ್ದ ರಾತ್ರಿ ನಾನು ನೋಡಿಲ್ಲ. ಅತಿ ಅಪಾಯದ ಹೊತ್ತು ಅದೇ, ಆಗಲೇ ಲೂಪಿಗೆ ಏನೂ ಕಾಣುವುದಿಲ್ಲ. ಆ ಹೊತ್ತಿಗೆ ರಾಡಾರ್ ಅಥವಾ ಬಿಸಿ ನೋಡುವ ಕ್ಯಾಮೆರಾ ಬೇಕೇ ಬೇಕು.

ಕಡೆಗೆ ತಿಳಿಸಿದ್ದು ಒಬ್ಬ ಚಾಲಕ, ಫೋನ್ ಮಾಡಿ. ಅವರ ಫೋನಿನ ಜಾಗ ತೋರಿಸಿದ ಕಡೆ ಕ್ಯಾಮೆರಾ ತಿರುಗಿಸಿದೆವು, ಏನೂ ಇಲ್ಲ. ಅವರು ಲಾರಿ ದಾಟಿ ಎರಡು ನಿಮಿಷ ಯೋಚಿಸಿ ಆಮೇಲೆ ಫೋನ್ ಮಾಡಿದ್ದರು. 90ರಲ್ಲಿ ಎರಡು ನಿಮಿಷ ಅಂದರೆ 3 ಕಿ.ಮೀ. ಅದಕ್ಕೇ ಫೋನ್ ಬಂದರೆ ನಾನು ಮೊದಲು ಕೇಳುವುದು 'ನೋಡಿ ಎಷ್ಟು ಹೊತ್ತಾಯಿತು?' ಅಂತ. ಎರಡನೆಯದು 'ನಿಮ್ಮ ಕಡೆಯದೋ, ಎದುರು ಕಡೆಯದೋ?' ಅಂತ. ಎದುರು ರಸ್ತೆಯ ಅಪಘಾತ ನೋಡಲು ಈ ಕಡೆಯವರೂ ನಿಧಾನ ಮಾಡುತ್ತಾರೆ. ಆಗ ಎರಡೂ ಕಡೆ ವೇಗ ಬಿದ್ದು ಯಂತ್ರ ಎರಡು ಅಪಘಾತ ಎಣಿಸುತ್ತದೆ.

ಅಡ್ಡರಸ್ತೆ
ಎದುರು ಕಡೆ ಇಣುಕಿ ನೋಡುವವರಿಗೆ ಪ್ರತ್ಯೇಕ ಸೆನ್ಸರ್ ಇಡಬೇಕು.

ಮೂರನೇಗೇರ್
ಎರಡು ದಿನ ಕೂತು ನೋಡಿದೆ. ವರದಿ ಒಪ್ಪಿಸುತ್ತಿದ್ದೇನೆ.

ಲೂಪ್‌ಮಾಮ, 15ನೇದು ಸತ್ತಿದೆ. ನಾಲ್ಕನೇ ತಿಂಗಳಿಂದ ಬರೀ 0. ಅದನ್ನು 0 ಅಂತ ಓದದೆ 'ಇಲ್ಲ' ಅಂತ ಓದಿ, 14ನ್ನು ನೇರ 16ಕ್ಕೆ ಹೋಲಿಸಿದೆ. ಭಾನುವಾರದ ಅಲಾರಂ ಪೂರ್ತಿ ನಿಂತಿತು. 50 ಹಾಕುವುದನ್ನೂ ಬಿಟ್ಟೆ.

ಆದರೆ ನಿಜವಾದ ಅಪಘಾತ ಯಾಕೆ ತಪ್ಪುತ್ತಿದ್ದವು ಅನ್ನುವುದು ಬೇರೆಯೇ ಕಥೆ. ಜಿಪಿಎಸ್ ಕಡತದಲ್ಲಿ ಇರುವ ಸಮಯ ವೇಗ ಅಳೆದ ಸಮಯ ಅಲ್ಲ, ಕಡತ ನನಗೆ ಕಳುಹಿಸಿದ ಸಮಯ! ನಡುವೆ ಅವರು ಕೆಲವು ನಿಮಿಷದ ವೇಗ ಒಟ್ಟು ಮಾಡಿ ನುಣುಪು ಮಾಡುತ್ತಾರೆ. ಲೂಪ್ ಕಿರುಚುವ ಹೊತ್ತಿಗೆ ಜಿಪಿಎಸ್ ಇನ್ನೂ ಹಳೆಯ ಸುದ್ದಿ ಹೇಳುತ್ತಿತ್ತು: 'ಎಲ್ಲ ಚೆನ್ನಾಗಿದೆ.' ಜಿಪಿಎಸ್ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಮುಂದಿನ ಲೂಪ್ ಇಳಿದು ಎಷ್ಟೋ ಹೊತ್ತಾಗಿರುತ್ತಿತ್ತು. ನಾನು ಇಬ್ಬರೂ ಜಗಳ ಆಡುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಬೇರೆ ಬೇರೆ ಹೊತ್ತಿನ ಮಾತಾಡುತ್ತಿದ್ದರು ಅಷ್ಟೇ.

ಅಡ್ಡರಸ್ತೆ
ನನ್ನ ಗಡಿಯಾರದ ಮಾತು ಇಷ್ಟು ನಿಜ ಆಗುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಲೂಪ್‌ಮಾಮ
ಲೂಪಿನ ಕಡತವನ್ನೂ ನೋಡಿಬಿಡಿ. ಆ 30 ಸೆಕೆಂಡಿಗೆ ಹಾಕಿದ ಸಮಯ ಶುರುವಿನದೋ, ಕೊನೆಯದೋ?

ಮೂರನೇಗೇರ್
...20 ಲೂಪಿಗೆ ಶುರುವಿನದು. ಉಳಿದ 20ಕ್ಕೆ ಕೊನೆಯದು. ಪೆಟ್ಟಿಗೆ ಎರಡು ಬೇರೆ ಬೇರೆ ವರ್ಷದವಂತೆ.

ಅಲೆಗಾರ
ಅದು 107 ಮೀಟರ್.

ಹೊಸಬಳು_2
ಗೆರೆ ಮೇಲೆ ನಿಲ್ಲಿಸಿದೆ ಮಾಮ. ಹಸಿರು ಬಂತು!